ಹನ್ನೊಂದು ಹೂಂ

ಕಾಲು ಹೋದ ಕಥೆ ಹೇಳು ಎಂದು ನನ್ನನ್ನು ಆಸ್ಪತ್ರೆಯ ಮೂರನೇ ಮಹಡಿಗೆ ಕರೆದರು. ಅವರಿಗೆ ಬೇಕಾಗಿದ್ದದ್ದು ಕಾಲು ಕೊಟ್ಟ ಕಥೆ. ನಾನೇ ಯೋಚಿಸಿ, ನಾನೇ ತೀರ್ಮಾನಿಸಿ, ನಾನೇ ಕೊಟ್ಟೆ ಎಂದು ಇಪ್ಪತ್ತು ಜನರೆದುರು ಹೇಳಬೇಕಿತ್ತು. ಹೇಳಿದರೆ ಅಮ್ಮನ ಕೆಲಸ ಕಾಯಂ ಆಗುತ್ತದೆ ಎಂದು ಲಾಂಡ್ರಿಯ ಮೇಸ್ತ್ರಿ ಅಮ್ಮನ ಕಿವಿಯಲ್ಲಿ ಊದಿದ್ದ. ಹೇಳದಿದ್ದರೆ ಏನಾಗುತ್ತದೆ ಎಂದು ಊದಿರಲಿಲ್ಲ. ಅದನ್ನು ಊದುವ ಅಗತ್ಯವೂ ಇರಲಿಲ್ಲ.

ನನಗೆ ಈಗ ಹದಿನಾರು. ಏಳನೆಯ ತರಗತಿಯವರೆಗೆ ಓದಿದ್ದೇನೆ. ಅಮ್ಮನ ಸೊಂಟ ಹಿಡಿದುಕೊಂಡ ವರ್ಷ ಶಾಲೆ ಬಿಟ್ಟು ಆಸ್ಪತ್ರೆಯ ಲಾಂಡ್ರಿಗೆ ಬಂದೆ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರು, ಅಮ್ಮನದು. ದುಡಿಯುವವರು ಇಬ್ಬರು. ಮೇಲಿನವರು ಯಾರಾದರೂ ಬಂದರೆ ಮೇಸ್ತ್ರಿ ನನ್ನನ್ನು ಬಟ್ಟೆ ಗಂಟುಗಳ ಹಿಂದೆ ಕೂರಿಸುತ್ತಿದ್ದ. ನಾನು ಇದ್ದೆ, ಆದರೆ ಇರಲಿಲ್ಲ.

ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಆರು ಮಹಡಿಯ ರಕ್ತ, ಕೀವು, ವಾಂತಿ, ಮಲ ಎಲ್ಲವೂ ಗಂಟು ಕಟ್ಟಿಕೊಂಡು ಅಲ್ಲಿಗೆ ಇಳಿಯುತ್ತದೆ. ಗಂಟು ಬಿಚ್ಚಬೇಕು. ಸೂಜಿ, ಹತ್ತಿ, ಹಲ್ಲಿನ ಸೆಟ್ಟು ಏನಿದ್ದರೂ ಆರಿಸಿ ತೆಗೆಯಬೇಕು. ಒದ್ದೆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಎತ್ತಿ ಮೆಷಿನ್ನಿಗೆ ತುಂಬಬೇಕು. ಬ್ಲೀಚಿಂಗ್ ನೀರಿಗೆ ಕೈಯ ಚರ್ಮ ಸುಲಿದು ಬೆಳ್ಳಗಾಗುತ್ತದೆ. ಉಗುರು ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಊಟಕ್ಕೆ ಕೂತರೆ ತುತ್ತಿಗೂ ಅದೇ ವಾಸನೆ.

ಇಷ್ಟರ ನಡುವೆ ಅಮ್ಮ ಮಾತಾಡುತ್ತಾಳೆ. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ನಿಲ್ಲಿಸುತ್ತಾಳೆ. ದೊಡ್ಡಮ್ಮ ಮಾಡಿದ ಮೋಸ, ಮನೆ ಮಾಲೀಕಳ ಜಂಬ, ಹಿಂದಿನ ಬೀದಿಯವಳು ಗಂಡನಿಗೆ ಚಪ್ಪಲಿ ಎಸೆದದ್ದು. ನಾನು ಹೂಂಗುಟ್ಟಬೇಕು. ಮೆಷಿನ್ನಿನ ಸದ್ದಿಗೆ ಮೀರಿ ಜೋರಾಗಿ ಹೂಂಗುಟ್ಟಬೇಕು. ಒಂದು ಹೂಂ ತಪ್ಪಿದರೂ ಅಮ್ಮ ಕೈ ಸೊಂಟಕ್ಕಿಟ್ಟು ನಿಲ್ಲುತ್ತಾಳೆ.

"ಏನೇ, ನಾನೇನು ಗೋಡೆ ಹತ್ರ ಮಾತಾಡ್ತಿದೀನಾ?"

"ಹೂಂ, ಹೇಳಮ್ಮ, ಕೇಳ್ತಿದೀನಿ."

ಹೂಂ ಎಂದರೆ ಅಷ್ಟೇ. ನಾನಿಲ್ಲಿದ್ದೇನೆ, ಕಿವಿ ಇಲ್ಲಿದೆ, ಮುಂದಕ್ಕೆ ಹೇಳು. ದೊಡ್ಡಮ್ಮ ಕಳ್ಳಿ ಎಂದು ಅಮ್ಮ ಹೇಳಿದಾಗ ನಾನು ಸಾವಿರ ಸಲ ಹೂಂ ಅಂದಿದ್ದೇನೆ. ದೊಡ್ಡಮ್ಮ ಕಳ್ಳಿಯಲ್ಲ ಎಂದು ನನಗೂ ಗೊತ್ತು, ಅಮ್ಮನಿಗೂ ಗೊತ್ತು. ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದಕ್ಕೇ ನನಗೆ ಸಿಟ್ಟು. ಈ ಭಾಷೆ ಆಡುವ ಮೂರು ವರ್ಷದ ಮಗುವಿಗೂ ಇದು ತಿಳಿದಿರುತ್ತದೆ.

ಒಂದು ದಿನ ಒದ್ದೆ ಬಟ್ಟೆ ತುಂಬಿದ ಕಬ್ಬಿಣದ ತಳ್ಳುಗಾಡಿ ನನ್ನ ಕಾಲಿನ ಮೇಲೆ ಹರಿಯಿತು. ಅದರ ಒಂದು ಚಕ್ರದ ರಬ್ಬರು ಹೋಗಿ ಬರೀ ಕಬ್ಬಿಣ ಉಳಿದಿತ್ತು. ಹೊಸ ಚಕ್ರ ಬೇಕೆಂದು ಅಮ್ಮ ಎಷ್ಟೋ ತಿಂಗಳಿಂದ ಕೇಳುತ್ತಿದ್ದಳು. ಎಡಗಾಲಿನ ಗಿಣ್ಣಿನ ಮೇಲೆ ಚರ್ಮ ಬಾಯಿಬಿಟ್ಟಿತು. ಮೇಸ್ತ್ರಿ ಬಗ್ಗಿ ನೋಡಿದ.

"ಮೂಳೆ ಮುರಿದಿದ್ರೆ ನಿಲ್ಲೋಕಾಗ್ತಿತ್ತಾ? ನಿಂತಿದೀಯಲ್ಲ. ಬಟ್ಟೆ ಕಟ್ಕೋ."

"ಮೇಲೆ ಹೋಗಿ ತೋರಿಸ್ಕೊಂಡು ಬರ್ತೀವಿ ಸಾರ್," ಅಂದಳು ಅಮ್ಮ.

"ಎಲ್ಲಾಯ್ತು ಅಂದ್ರೆ ಏನಂತೀಯ? ಲಾಂಡ್ರೀಲಿ ಅಂತೀಯಾ? ಅವಳಿಗೇನು ಕೆಲಸ ಲಾಂಡ್ರೀಲಿ?"

ಅಮ್ಮ ಹೂಂ ಅಂದಳು. ಹರಿದ ಹಾಸಿಗೆ ಬಟ್ಟೆಯ ಪಟ್ಟಿ ಕಟ್ಟಿದಳು. ಆ ಪಟ್ಟಿಯಲ್ಲೇ ಮೂರು ವಾರ ಆರು ಮಹಡಿಯ ಕೊಳೆ ನೀರಿನಲ್ಲಿ ನಿಂತೆ. ಕಾಲು ಊದಿತು. ಆಮೇಲೆ ನಾರಿತು. ಲಾಂಡ್ರಿಯ ನಾತಕ್ಕೂ ಮೀರಿ ನಾರಿತು. ಒಂದು ಮಧ್ಯಾಹ್ನ ಜ್ವರದಲ್ಲಿ ಇಸ್ತ್ರಿ ಮೆಷಿನ್ನಿನ ಪಕ್ಕ ಬಿದ್ದೆ. ಆಗ ಮೇಲಕ್ಕೆ ಒಯ್ದರು. ಮನೆಯಲ್ಲಿ ಬಿದ್ದಳು ಎಂದು ಬರೆಸಿದ್ದು ಮೇಸ್ತ್ರಿ.

ಜನರಲ್ ವಾರ್ಡು. ಡಾಕ್ಟರು ತೆಳ್ಳಗಿನ ಮನುಷ್ಯ, ನಿದ್ದೆಗೆಟ್ಟ ಕಣ್ಣು. ಎಕ್ಸ್‌ರೇ ಬೆಳಕಿಗೆ ಹಿಡಿದು ನನಗೇ ತೋರಿಸಿದರು.

"ಮೂಳೆಗೆ ಕೀವು ಇಳಿದಿದೆ ನೋಡಮ್ಮ. ಎರಡು ದಾರಿ ಇದೆ. ನಿನ್ನನ್ನ ಕೇಳದೆ ಏನೂ ಮಾಡಲ್ಲ. ನಾಳೆ ಗೆಳತಿ ಬರ್ತಾಳೆ, ಎಲ್ಲ ಹೇಳ್ತಾಳೆ."

ಯಾರೋ ಹುಡುಗಿ ಬರುತ್ತಾಳೆ ಎಂದುಕೊಂಡೆ. ಬೆಳಿಗ್ಗೆ ಪಕ್ಕದ ಹಾಸಿಗೆಯವಳ ಬಾಚಣಿಗೆ ಕೇಳಿ ತಲೆ ಬಾಚಿಕೊಂಡೆ. ಮುಖ ಒರೆಸಿಕೊಂಡೆ. ಬಂದದ್ದು ಸ್ಟ್ಯಾಂಡಿನ ಮೇಲೆ ಕೂರಿಸಿದ ಒಂದು ಫೋನು.

ಅದನ್ನು ತಂದವಳು ಯಾವಾಗಲೂ ನಗುವ ಹೆಂಗಸು. ನಾನು ಅವಳಿಗೆ ನಗುವಕ್ಕ ಎಂದು ಹೆಸರಿಟ್ಟೆ. ಫೋನಿನೊಳಗಿನ ಆ ಗೆಳತಿಯನ್ನು ತಯಾರು ಮಾಡಿದವರಲ್ಲಿ ಅವಳೇ ಮುಖ್ಯಸ್ಥೆ.

"ಇಷ್ಟು ದಿನ ನಿಮ್ಮಂಥ ಮಕ್ಕಳ ಬಗ್ಗೆ ದೊಡ್ಡೋರೇ ತೀರ್ಮಾನ ಮಾಡ್ತಿದ್ರು ಪುಟ್ಟಾ. ಇನ್ಮೇಲೆ ಹಾಗಿಲ್ಲ. ನಿನ್ನ ಮೈ, ನಿನ್ನ ಮಾತು," ಅಂದಳು.

ಸುಳ್ಳು ಹೇಳಲಾರೆ, ನನಗೆ ಖುಷಿಯಾಯಿತು. ಶಾಲೆ ಬಿಡುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ಗಂಟುಗಳ ಹಿಂದೆ ಕೂರಿಸುವಾಗ ಕೇಳಿರಲಿಲ್ಲ. ಮೊದಲ ಸಲ ಯಾರೋ ಕೇಳುತ್ತಿದ್ದಾರೆ ಎನಿಸಿತು. ಕಾಲಿನ ನೋವಿನಲ್ಲೂ ಬೆನ್ನು ನೆಟ್ಟಗೆ ಮಾಡಿ ಕೂತೆ.

ನಗುವಕ್ಕ ಹಾಸಿಗೆಯ ಸುತ್ತ ಪರದೆ ಎಳೆದಳು. ದೊಡ್ಡವರಿದ್ದರೆ ಮಕ್ಕಳು ಹೆದರುತ್ತಾರೆ ಎಂದು ಅಮ್ಮನನ್ನು ಹೊರಗೆ ಕಳಿಸಿದಳು, ತಾನೂ ಹೋದಳು. ನನಗೆ ಓದಲು ಬರುತ್ತದೆಯೇ ಎಂದು ಕೇಳಲಿಲ್ಲ. ಜನರಲ್ ವಾರ್ಡಿನವರಿಗೆ ಓದಲು ಬರುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ಗೆಳತಿ ಮಾತಾಡಿದಳು. ಪಾಠದ ಪುಸ್ತಕವೇ ಎದ್ದು ಕೂತು ಮಾತಾಡಿದ ಹಾಗೆ.

"ನಮಸ್ಕಾರ. ನಾನು ನಿನ್ನ ಗೆಳತಿ. ನಿನ್ನ ಕಾಲಿನ ಮೂಳೆಗೆ ಸೋಂಕು ತಗುಲಿದೆ." ನಿಲ್ಲಿಸಿದಳು. ಕಾದಳು.

"ಹೂಂ," ಅಂದೆ.

"ಮೊದಲನೆಯ ವಿಧಾನದಲ್ಲಿ ಸೋಂಕಿರುವ ಮೂಳೆಯನ್ನು ಕೆರೆದು ತೆಗೆಯಲಾಗುತ್ತದೆ. ಆರು ತಿಂಗಳು ಚಿಕಿತ್ಸೆ ಬೇಕು." ಮತ್ತೆ ನಿಲ್ಲಿಸಿದಳು.

"ಹೂಂ."

ಪ್ರತಿ ಮಾತಿಗೂ ನಿಲ್ಲುತ್ತಿದ್ದಳು, ಥೇಟ್ ಅಮ್ಮನ ಹಾಗೆ. ನಾನು ಹೂಂ ಅಂದರೆ ಮುಂದಕ್ಕೆ ಹೋಗುತ್ತಿದ್ದಳು. ಪರವಾಗಿಲ್ಲ, ಇವಳಿಗೆ ಕಥೆ ಹೇಳಲು ಬರುತ್ತದೆ ಎಂದುಕೊಂಡೆ. ಆರು ತಿಂಗಳು ಎಂದಾಗ ಮಾತ್ರ ಅಮ್ಮನ ನೆನಪಾಯಿತು. ನಾನು ಆರು ತಿಂಗಳು ಮಲಗಿದರೆ ಅಮ್ಮನ ಸೊಂಟ ಉಳಿಯುವುದಿಲ್ಲ.

"ಅಲ್ಲ, ಇಲ್ಲೇ ಇರ್ಬೇಕಾ? ಮನೇಲಿದ್ದು ಬಂದು ಹೋಗಿ ಮಾಡಿದ್ರೆ ಆಗುತ್ತಾ?" ಎಂದು ಕೇಳಿದೆ.

ಗೆಳತಿಯ ಫೋನಿನಲ್ಲಿ ಹಸಿರು ಚುಕ್ಕೆ ಎರಡು ಸಲ ಮಿನುಗಿತು. "ಧನ್ಯವಾದ. ಮುಂದಕ್ಕೆ ಹೋಗೋಣ," ಅಂದಳು.

ಕೊನೆಯಲ್ಲಿ ಹೇಳುತ್ತಾಳೆ ಎಂದುಕೊಂಡು ಹೂಂ ಅಂದೆ. ಎರಡನೆಯ ವಿಧಾನ ಹೇಳಿದಳು. ಕೃತಕ ಕಾಲಿನ ವಿಷಯ ಹೇಳಿದಳು. ಹೂಂ, ಹೂಂ ಅಂದೆ. ಮಧ್ಯದಲ್ಲಿ ಇನ್ನೊಂದು ಕೇಳಿದೆ: "ಕಾಲು ಉಳಿಯುತ್ತೆ ಅಂತ ಗ್ಯಾರಂಟೀನಾ?" ಅದಕ್ಕೂ ಧನ್ಯವಾದ ಹೇಳಿದಳು.

"ಮೊಣಕಾಲಿನ ಕೆಳಭಾಗವನ್ನು ತೆಗೆದರೆ ಸೋಂಕು ಹರಡುವುದು ನಿಲ್ಲುತ್ತದೆ. ಹತ್ತು ದಿನಗಳಲ್ಲಿ ಮನೆಗೆ ಹೋಗಬಹುದು. ಇದು ನಿನಗೆ ಸರಿಯೆನಿಸುತ್ತದೆಯೇ?"

"ಹೂಂ," ಅಂದೆ. ಅಂದರೆ, ನಿನ್ನದೆಲ್ಲ ಮುಗಿಸು, ಆಮೇಲೆ ನಾನು ಕೇಳಿದ್ದಕ್ಕೆ ಬಾ.

"ನಿನ್ನ ನಿರ್ಧಾರ ದಾಖಲಾಗಿದೆ. ನೀನು ಧೈರ್ಯವಂತೆ." ಫೋನು ಕಪ್ಪಾಯಿತು. ಎಳೆದ ಪರದೆಯ ಒಳಗೆ ನಾನೊಬ್ಬಳೇ ಕೂತಿದ್ದೆ.

ಹೊರಗೆ ಅಮ್ಮನಿಗೆ ಒಂದು ಕಾಗದ ಹಿಡಿಸಿದರು. "ನಿಮ್ಮ ಮಗಳೇ ತೀರ್ಮಾನ ಮಾಡಿದಾಳೆ. ತಾಯಿಯಾಗಿ ನೀವು ಅಡ್ಡ ಬರ್ಬಾರ್ದು," ಎಂದರಂತೆ. ಅಮ್ಮ ಸೈನ್ ಹಾಕಿದಳು. ಒಳಗೆ ಬಂದ ಸಿಸ್ಟರ್ ನನಗೆ, "ನಾಳೆ ಆಪರೇಷನ್, ಕಾಲು ತೆಗೀತಾರೆ. ನಿಮ್ಮಮ್ಮ ಸೈನ್ ಹಾಕಿದಾರೆ," ಅಂದಳು.

ಅಮ್ಮನೇ ನನ್ನ ಕಾಲು ಬೇಡ ಅಂದಳು ಎಂದು ನಾನು ತಿಳಿದೆ. ಆರು ತಿಂಗಳು ಕೂತು ತಿನ್ನುವವಳು ಅವಳಿಗೆ ಭಾರ ಎಂದು ತಿಳಿದೆ. ಗೋಡೆಗೆ ಮುಖ ಮಾಡಿ ಮಲಗಿದೆ. ಮಗಳೇ ಕಾಲು ಬೇಡ ಅಂದಳಲ್ಲ ಎಂದು ಅಮ್ಮ ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಇಂಥ ಮಾತನ್ನು ಯಾವ ಬಾಯಲ್ಲಿ ಕೇಳುವುದು?

ಎಚ್ಚರವಾದಾಗ ಎಡ ಮೊಣಕಾಲಿನ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಇಲ್ಲದ ಹೆಬ್ಬೆರಳು ನವೆಯಾಗುತ್ತಿತ್ತು. ಕೆರೆಯಲು ಕೈ ಹಾಕಿದೆ, ಹಾಸಿಗೆ ಸಿಕ್ಕಿತು.

ಎರಡು ತಿಂಗಳಿಗೆ ಊರುಗೋಲು ಹಿಡಿದು ಮತ್ತೆ ಲಾಂಡ್ರಿಗೆ ಇಳಿದೆ. ಈಗ ಕೂತು ಮಡಿಸುವ ಕೆಲಸ. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಒಂದು ಸ್ಟೂಲು ಕೊಟ್ಟ. ಅಮ್ಮ ಮಾತು ಕಮ್ಮಿ ಮಾಡಿದ್ದಳು. ಆಡಿದ ನಾಲ್ಕು ಮಾತಿಗೆ ನಾನು ಹೂಂ ಅನ್ನುತ್ತಿದ್ದೆ. ನಮ್ಮ ನಡುವೆ ಕಾಲು ಬಿದ್ದುಕೊಂಡಿತ್ತು. ಇಬ್ಬರೂ ಅದನ್ನು ದಾಟುತ್ತಿರಲಿಲ್ಲ.

ಆಗ ನಗುವಕ್ಕ ಬಂದಳು. ಬೇರೆ ಬೇರೆ ಆಸ್ಪತ್ರೆಗಳವರು ಗೆಳತಿಯನ್ನು ನೋಡಲು ಬರುತ್ತಾರಂತೆ. ಸ್ವಂತ ತೀರ್ಮಾನ ಮಾಡಿದ ಮೊದಲ ಹುಡುಗಿ ನಾನಂತೆ.

"ನಿನ್ನ ಮಾತಲ್ಲೇ ಹೇಳು ಪುಟ್ಟಾ, ಸಹಜವಾಗಿ," ಎಂದು ಒಂದು ಕಾಗದ ಕೊಟ್ಟಳು. ನನ್ನ ಮಾತು ಅದರಲ್ಲಿ ಟೈಪಾಗಿತ್ತು. *ನನ್ನ ಕಾಲಿನ ಬಗ್ಗೆ ನಾನೇ ನಿರ್ಧರಿಸಿದೆ. ನನಗೆ ಹೆಮ್ಮೆಯಿದೆ.*

ಮೂರು ಸಲ ಓದಿದೆ. ನಾನು ಯಾವಾಗ ನಿರ್ಧರಿಸಿದೆ? ಸೈನ್ ಹಾಕಿದ್ದು ಅಮ್ಮ ತಾನೆ? ಇರಲಿ, ಅಮ್ಮನ ಕೆಲಸ ಕಾಯಂ ಆಗಲಿ, ಓದಿ ಒಗೆದುಬಿಡೋಣ ಎಂದುಕೊಂಡೆ.

ಮೂರನೇ ಮಹಡಿಯ ಕೋಣೆ ತಣ್ಣಗಿತ್ತು. ಉದ್ದ ಮೇಜು, ನೀರಿನ ಬಾಟಲಿ, ಬಿಸ್ಕತ್ತು. ಗೋಡೆಯ ಮೇಲೆ ದೊಡ್ಡ ಪರದೆ. ಡಾಕ್ಟರೂ ಒಂದು ಮೂಲೆಯಲ್ಲಿ ಕೂತಿದ್ದರು. ಅಮ್ಮ ಬಾಗಿಲ ಹತ್ತಿರ ನಿಂತಳು. ಒದ್ದೆ ಕೈ ಎಲ್ಲಿ ಒರೆಸುವುದೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡಿದ್ದಳು. ಮೇಸ್ತ್ರಿ ಅವಳ ಹಿಂದೆಯೇ ಇದ್ದ.

ನಗುವಕ್ಕ ಮೊದಲು ಸ್ಪೆಷಲ್ ರೂಮಿನ ಮಕ್ಕಳಿಗೆ ಕೊಡುವ ಗೆಳತಿಯನ್ನು ತೋರಿಸಿದಳು. ಅದರಲ್ಲಿ ಬಣ್ಣದ ಚಿತ್ರ, ಅಕ್ಷರ, ಕೆಳಗೆ ಮೂರು ಬಟನ್ನು: ಹೌದು, ಬೇಡ, ನನಗೊಂದು ಪ್ರಶ್ನೆಯಿದೆ. ಆಮೇಲೆ ನಮ್ಮ ವಾರ್ಡಿನ ಗೆಳತಿ. ನನ್ನ ಧ್ವನಿಯನ್ನೇ ಹಾಕಿದಳು. ಪರದೆಯ ಮೇಲೆ ಒಂದೊಂದೇ ಸಾಲು ಮೂಡುತ್ತ ಹೋಯಿತು.

*ಹೂಂ. ಉತ್ತರ: ಹೌದು.*

*ಹೂಂ. ಉತ್ತರ: ಹೌದು.*

"ಗಮನಿಸಿ," ಅಂದಳು ನಗುವಕ್ಕ, "ಹನ್ನೊಂದು ಸಲ ಹುಡುಗಿ ಹೌದು ಅಂದಿದಾಳೆ. ಒಂದು ಸಲಾನೂ ಅನುಮಾನ ಇಲ್ಲ."

ಒಬ್ಬಾತ ಕೇಳಿದ: "ಎರಡು ವಿಧಾನಕ್ಕೂ ಹೌದು ಅಂದಿದಾಳಲ್ಲ?"

"ಎರಡಕ್ಕೂ ಹೌದು ಬಂದ್ರೆ ಕೊನೇದನ್ನ ತಗೊಳ್ಳುತ್ತೆ ಸಾರ್. ಮಕ್ಕಳು ಮನಸ್ಸು ಬದಲಾಯಿಸ್ತಾರಲ್ವಾ?"

ಪರದೆಯ ಮೇಲೆ ಧ್ವನಿ ಮುಂದುವರಿಯುತ್ತಿತ್ತು. ನನ್ನದೇ ಧ್ವನಿ. *ಮನೇಲಿದ್ದು ಬಂದು ಹೋಗಿ ಮಾಡಿದ್ರೆ ಆಗುತ್ತಾ?* ಅದರ ಮುಂದೆ ಬೂದು ಬಣ್ಣದಲ್ಲಿ ಎರಡು ಪದ ಮೂಡಿದವು. *ಹಿನ್ನೆಲೆ ಸದ್ದು.*

ಬಾಗಿಲ ಕಡೆ ನೋಡಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು, ಕೇಳಲು ಬರುತ್ತದೆ. ನನ್ನ ಹೂಂ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗಳು ಕಾಲು ಬಿಟ್ಟುಕೊಟ್ಟಿರಲಿಲ್ಲ ಎಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು. ಅಮ್ಮ ನನ್ನ ಕಾಲು ಬೇಡ ಅಂದಿರಲಿಲ್ಲ ಎಂದು ನನಗೂ ತಿಳಿಯಿತು. ತಿಳಿದು ಏನು ಬಂತು!

ನಗುವಕ್ಕ ಫೋನಿನ ಸ್ಟ್ಯಾಂಡನ್ನು ಮೇಜಿನ ತುದಿಗೆ, ಅಮ್ಮನ ಕಡೆಗೆ ತಿರುಗಿಸಿದಳು. ನನ್ನ ಧ್ವನಿಯನ್ನು ಎಲ್ಲ ಆಸ್ಪತ್ರೆಗಳಿಗೆ ಕಳಿಸಲು ತಾಯಿಯ ಒಪ್ಪಿಗೆ ಬೇಕು, ಅದನ್ನೂ ಗೆಳತಿಯೇ ಎಲ್ಲರೆದುರು ಕೇಳುತ್ತಾಳೆ ಎಂದಳು.

"ತಾಯಿಯವರೇ, ನಿಮ್ಮ ಮಗಳ ಧ್ವನಿಯನ್ನು ಬಳಸಲು ನಿಮ್ಮ ಒಪ್ಪಿಗೆ ಇದೆಯೇ?" ಅಂದಳು ಗೆಳತಿ. ಹಸಿರು ಚುಕ್ಕೆ ಮಿನುಗುತ್ತ ಕಾಯಿತು.

"ನಿಲ್ಸಿ," ಅಂದೆ. ಎದ್ದು ನಿಂತೆ. ಊರುಗೋಲು ಜಾರಿ ಬಿತ್ತು. ಮೇಜು ಹಿಡಿದುಕೊಂಡೆ.

"ಪುಟ್ಟಾ, ನಿನ್ನ ಸರದಿ ಆಮೇಲೆ."

"ನನ್ನ ಸರದಿ ಆವತ್ತೇ ಇತ್ತು. ಅದು ಸದ್ದಲ್ಲ, ನಾನು ಕೇಳಿದ ಪ್ರಶ್ನೆ. ಸ್ಪೆಷಲ್ ರೂಮಿನ ಮಕ್ಕಳಿಗೆ ಪ್ರಶ್ನೆಗೊಂದು ಬಟನ್ ಇಟ್ಟಿದೀರ. ನಮಗ್ಯಾಕಿಲ್ಲ?"

ನಗುವಕ್ಕ ನಕ್ಕಳು. ಅವಳ ಮುಖಕ್ಕೆ ಬೇರೇನೂ ಬರುತ್ತಿರಲಿಲ್ಲ. "ಅದು ಮುಂದಿನ ಸಲ ಸೇರಿಸ್ತೀವಿ. ನಿನ್ನಿಂದಲೇ ನಮಗದು ಗೊತ್ತಾಗಿದ್ದು. ನಿಜ ಹೇಳ್ಬೇಕಂದ್ರೆ ಇದು ನಿನ್ನ ದೊಡ್ಡ ಕೊಡುಗೆ."

ಕೊಡುಗೆ. ನನ್ನ ಕಾಲು ಅವರಿಗೆ ಕೊಡುಗೆ. ಅವಳ ಕಡೆ ನೋಡಲಿಲ್ಲ. ಮೂಲೆಯಲ್ಲಿದ್ದ ಡಾಕ್ಟರ ಕಡೆ ತಿರುಗಿದೆ.

"ನೀವು ಹೇಳಿ ಡಾಕ್ಟ್ರೇ. ಮನೇಲಿದ್ದು ಬಂದು ಹೋಗಿ ಮಾಡಿದ್ರೆ ಆಗ್ತಿತ್ತಾ?"

ಡಾಕ್ಟರು ಕನ್ನಡಕ ತೆಗೆದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ಅವರನ್ನು ಹೊಗಳಬೇಕೋ ಶಪಿಸಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಆಗ್ತಿತ್ತು. ಮೊದಲೆರಡು ವಾರ ಇಲ್ಲಿದ್ದು, ಆಮೇಲೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್‌ಗೆ ಬಂದಿದ್ರೆ ಸಾಕಿತ್ತು."

ಡ್ರೆಸ್ಸಿಂಗ್ ಕೋಣೆ ಇರುವುದು ಲಾಂಡ್ರಿಯ ಮೆಟ್ಟಿಲು ಹತ್ತಿದ ತಕ್ಷಣ. ನಲವತ್ತು ಹೆಜ್ಜೆ. ಪ್ರತಿ ದಿನ ಅಲ್ಲಿಂದ ಇಳಿಯುವ ಗಂಟನ್ನು ನಾನೇ ಬಿಚ್ಚುತ್ತಿದ್ದೆ.

"ಕಾಲು ಉಳೀತಿತ್ತಾ?"

"ಖಚಿತ ಹೇಳೋಕಾಗಲ್ಲಮ್ಮ. ಹತ್ತು ಜನರಲ್ಲಿ ಆರೇಳು ಜನಕ್ಕೆ ಉಳಿಯುತ್ತೆ. ನೀನೇ ಬೇಡ ಅಂದೆ ಅಂತ ಸ್ಕ್ರೀನಲ್ಲಿತ್ತು. ನಾನೊಂದ್ಸಲ ಬಂದು ಕೇಳ್ಬೇಕಿತ್ತು."

"ಹೂಂ," ಅಂದಳು ಅಮ್ಮ.

ದೊಡ್ಡವರು ಮಾತಾಡಿದಾಗ ಅಮ್ಮ ಹಾಗೆಯೇ. ಎದೆ ಒಡೆಯುವ ಮಾತಾದರೂ ಕೇಳಿಸಿಕೊಂಡೆ ಎಂದು ತಿಳಿಸಲೇಬೇಕು. ಜೀವಮಾನವೆಲ್ಲ ಮೆಷಿನ್ನಿನ ಸದ್ದಿಗೆ ಮೀರಿ ಮಾತಾಡಿದವಳ ಗಂಟಲು ಅದು. ಕೋಣೆಯ ಆ ತುದಿಯವರೆಗೂ ಕೇಳಿಸಿತು.

"ಧನ್ಯವಾದ," ಅಂದಳು ಗೆಳತಿ. "ನಿಮ್ಮ ಒಪ್ಪಿಗೆ ದಾಖಲಾಗಿದೆ."

ಮೇಜಿನ ಬಳಿ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಕೆಮ್ಮಿದ ಹಾಗೆ ಮಾಡಿದರು.

"ಅಳ್ಸಿ ಅದನ್ನ," ಅಂದೆ.

"ಒಂದ್ಸಲ ದಾಖಲಾದ್ರೆ ನಮ್ಮ ಕೈಲಿಲ್ಲ ಪುಟ್ಟಾ. ಕೂತ್ಕೋ, ಸುಸ್ತಾಗುತ್ತೆ." ಯಾರೋ ಒಂದು ಕುರ್ಚಿ ತಂದು ನನ್ನ ಹಿಂದೆ ತಳ್ಳಿದರು.

"ಕೂರಲ್ಲ. ಅಳ್ಸಿ. ನಾನು ನಿಮಗೆ ಕಾಲು ಕೊಟ್ಟಿಲ್ಲ. ನೀವು ಕಿತ್ಕೊಂಡ್ರಿ. ನಿಮ್ಮ ಕಾಗದ ನೀವೇ ಓದ್ಕೊಳ್ಳಿ."

ಟೈಪಾದ ನನ್ನ ಮಾತನ್ನು ಬಿಸ್ಕತ್ತಿನ ತಟ್ಟೆಯ ಮೇಲೆ ಎಸೆದೆ. ಒಂಟಿ ಕಾಲಲ್ಲೇ ನಿಂತೆ.

ಮೇಸ್ತ್ರಿ ಅಮ್ಮನ ತೋಳಿಗೆ ತಿವಿದ. "ಕೆಳಗೆ ಗಂಟು ಬಂದು ಬಿದ್ದಿವೆ. ನಡಿ ನೀನು. ಇವಳ ಆಟ ಮುಗಿದ ಮೇಲೆ ಬರ್ತಾಳೆ."

ಅಮ್ಮನ ಬಾಯಿ ತೆರೆಯಿತು. ಹೂಂ ಬರುತ್ತದೆ ಎಂದು ನಾನು ಕಾದೆ. ಅವಳು ಬಾಯಿ ಮುಚ್ಚಿದಳು. ತೋಳು ಬಿಡಿಸಿಕೊಂಡು ಒಳಗೆ ನಡೆದು ಬಂದಳು. ಬಿದ್ದಿದ್ದ ಊರುಗೋಲು ಎತ್ತಿ ನನ್ನ ಕಂಕುಳಿಗೆ ಕೊಟ್ಟಳು. ಆಮೇಲೆ ನನಗೆ ತಂದಿದ್ದ ಕುರ್ಚಿಯಲ್ಲಿ ತಾನು ಕೂತಳು. ಮೇಲಿನ ಮಹಡಿಯ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ಕಂಡದ್ದೇ ಇಲ್ಲ.

"ಏನಿದು? ಕೆಲಸ ಬೇಡ್ವಾ?" ಅಂದ ಮೇಸ್ತ್ರಿ.

"ಬೇಡ."

ಆ ಪದ ಅಮ್ಮನ ಬಾಯಿಂದ ಬಂದದ್ದು ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ಅವನ ಕಡೆ ನೋಡಲೂ ಇಲ್ಲ. ಡಾಕ್ಟರನ್ನು ನೋಡುತ್ತಿದ್ದಳು.

"ಆಪರೇಷನ್ ದಿನ ಇವನು ನನಗೆ ರಜಾ ಕೊಡ್ಲಿಲ್ಲ," ಅಂದಳು. "ಮಗಳು ಒಳಗಿರ್ತಾಳೆ, ನೀನು ಹೊರಗೆ ಕೂತು ಏನ್ ಮಾಡ್ತೀಯ ಅಂದ. ಕೆಳಗೇ ಇದ್ದೆ. ಮಧ್ಯಾಹ್ನ ಆಪರೇಷನ್ ಕೋಣೆ ಗಂಟು ಬಂತು. ಆವತ್ತು ಇದ್ದಿದ್ದು ಒಂದೇ ಆಪರೇಷನ್. ಯಾರ ರಕ್ತ ಅಂತ ನನಗೆ ಗೊತ್ತಿತ್ತು. ಬಿಚ್ಚಿದೆ. ಒಗ್ದೆ. ಕಲೆ ಹೋಗಿಲ್ಲ ಅಂತ ಇವನು ಎರಡನೇ ಸಲ ಒಗೆಸಿದ. ಅದನ್ನೂ ಒಗ್ದೆ."

ನಗುವಕ್ಕ ಕೈ ಚಾಚಿ ಫೋನು ಆರಿಸಿದಳು.

"ಬಟ್ಟೆ ಎಲ್ಲಾ ಕೊಡವಿ ನೋಡ್ದೆ. ಅದರಲ್ಲಿ ಇರ್ಲಿಲ್ಲ," ಅಂದಳು ಅಮ್ಮ. "ಹದಿನೈದು ವರ್ಷ ಸಾಕಿದ ಕಾಲು ಡಾಕ್ಟ್ರೇ. ಅದನ್ನ ಎಲ್ಲಿ ಹಾಕಿದ್ರಿ?"

ಡಾಕ್ಟರು ನಗುವಕ್ಕನನ್ನು ನೋಡಿದರು. ನಗುವಕ್ಕ ಮೇಸ್ತ್ರಿಯನ್ನು ನೋಡಿದಳು. ಮೇಸ್ತ್ರಿ ನೆಲ ನೋಡಿದ.

"ಹೇಳೋತನಕ ಏಳಲ್ಲ," ಅಂದಳು ಅಮ್ಮ.